ದೊಡ್ಡ ಸಿಸ್ಟರ್ ರಜೆಯಲ್ಲಿದ್ದಾರೆ

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಟೀಚರಮ್ಮನ ಮಗಳು ಆಸ್ಪತ್ರೆಯ ಕಿಡ್ನಿ ವಿಭಾಗದ ಕಿಟಕಿಯ ಮುಂದೆ ನಿಂತಳು. ಪ್ರತಿ ಬುಧವಾರವೂ ನಿಲ್ಲುತ್ತಿದ್ದಳು. ತಾಯಿಗೆ ಹೊಸ ಕಿಡ್ನಿ ಬೇಕಿತ್ತು. ಕಾಯುವವರ ಪಟ್ಟಿಯಲ್ಲಿ ಹೆಸರು ಎಷ್ಟನೆಯದು ಎಂದು ಕೇಳುವುದು, ಕೇಳಿಕೊಂಡು ಮನೆಗೆ ಹೋಗುವುದು. ಎರಡು ವರ್ಷದಿಂದ ಇದೇ ಆಗಿತ್ತು.

"ಏಳು," ಎಂದ ಗುಮಾಸ್ತ.

"ಮೂರು ಅಲ್ವಾ? ಹೋದ ವಾರ ನೀವೇ ಮೂರು ಅಂದ್ರಿ."

"ಏಳು ಅಂತಿದೆ ಕಣಮ್ಮ."

"ಸರಿಯಾಗಿ ನೋಡಿ ಸ್ವಾಮಿ. ಮುಂದಕ್ಕೆ ಹೋಗೋ ಪಟ್ಟಿ ಹಿಂದಕ್ಕೆ ಹೇಗೆ ಬರುತ್ತೆ?"

ಗುಮಾಸ್ತ ಕನ್ನಡಕ ಏರಿಸಿ ನೋಡಿದ. ಮುಖ ಬಿಳಿಚಿತು. ಎದ್ದು ದೊಡ್ಡ ಡಾಕ್ಟರ ಕೋಣೆಗೆ ಓಡಿದ.

ಹಿಂದಿನ ದಿನ ಮಧ್ಯಾಹ್ನ ಎರಡು ನಲವತ್ತಕ್ಕೆ ಯಾರೋ ಪಟ್ಟಿಯನ್ನು ಮೂರು ಕಡೆ ತಿದ್ದಿದ್ದರು. ಒಂಬತ್ತರಲ್ಲಿದ್ದ ಲಾರಿ ಮಾಲೀಕ ಒಂದಕ್ಕೆ ಏರಿದ್ದ. ಆರರಲ್ಲಿದ್ದ ಬಸ್ ಡಿಪೋದ ಮೆಕ್ಯಾನಿಕ್ ನಾಲ್ಕಕ್ಕೆ ಬಂದಿದ್ದ. ಮೂರರಲ್ಲಿದ್ದ ಟೀಚರಮ್ಮ ಏಳಕ್ಕೆ ಇಳಿದಿದ್ದರು. ತಿದ್ದಿದವರ ಹೆಸರೂ ಪಕ್ಕದಲ್ಲೇ ಇತ್ತು. ಅದು ವಿಭಾಗದ ಮುಖ್ಯ ನರ್ಸ್ ಆಗಿದ್ದ ದೊಡ್ಡ ಸಿಸ್ಟರ್ ಹೆಸರು.

ದೊಡ್ಡ ಸಿಸ್ಟರ್ ತೀರಿಕೊಂಡು ಎಂಟು ತಿಂಗಳಾಗಿತ್ತು.

*

"ದೆವ್ವನ ಹಿಡಿಯೋಕೆ ನನಗೆ ವಾರಂಟ್ ಕೊಡಲ್ಲ ಡಾಕ್ಟ್ರೇ," ಎಂದರು ಇನ್ಸ್‌ಪೆಕ್ಟರ್, ಕುರ್ಚಿ ಎಳೆದುಕೊಳ್ಳುತ್ತ. "ಬದುಕಿರೋರ ವಿಷಯ ಮಾತಾಡೋಣ."

ಇನ್ಸ್‌ಪೆಕ್ಟರಿಗೆ ಐವತ್ತೆಂಟು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಗಂಡಸರು ಗಡ್ಡ ಕೆರೆದುಕೊಳ್ಳುವಂತೆ ಯೋಚಿಸುವಾಗ ಕಿವಿ ಉಜ್ಜಿಕೊಳ್ಳುವುದು ಈಕೆಯ ಅಭ್ಯಾಸ.

"ಪತ್ತೆ ಮಾಡೋದೇನಿದೆ ಮೇಡಂ?" ದೊಡ್ಡ ಡಾಕ್ಟರು ಕಿಡಿಕಾರಿದರು. "ಲಾರಿ ಮಾಲೀಕ ದುಡ್ಡಿನ ಕುಳ. ದೊಡ್ಡ ಸಿಸ್ಟರ್ ಬದುಕಿದ್ದಾಗಲೇ ಅವನಿಗೆ ಪಾಸ್‌ವರ್ಡ್ ಕೊಟ್ಟಿರಬೇಕು. ಆಡಳಿತ ಮಂಡಳಿ ಸಭೆ ನಾಲ್ಕಕ್ಕಿದೆ. ನಾನು ಹಾಗೇ ಬರೆದುಕೊಡ್ತೀನಿ."

"ಸತ್ತವರು ಬಂದು ಅಲ್ಲ ಅನ್ನೋದಿಲ್ಲ, ಅನುಕೂಲವೇ."

ಡಾಕ್ಟರು ಕೆಮ್ಮಿದರು. "ಇಲ್ಲಾಂದ್ರೆ ಅವರ ಗಂಡ. ಬೀಗದಣ್ಣ. ಇಡೀ ಆಸ್ಪತ್ರೆ ಬೀಗದ ಕೈ ಅವನ ಹತ್ರಾನೇ ಇರೋದು. ಹೆಂಡತಿಯ ಕಂಪ್ಯೂಟರ್ ಖಾತೇನ ಮುಚ್ಚದೆ ಇಟ್ಕೊಂಡಿದಾನೆ. ಯಾಕೆ? ಕೇಳಿ."

"ನಿನ್ನೆ ಎರಡು ನಲವತ್ತಕ್ಕೆ ನೀವು?"

"ಆಪರೇಷನ್ ಥಿಯೇಟರಲ್ಲಿ. ಹನ್ನೊಂದು ಜನ ಸಾಕ್ಷಿ. ರೋಗಿಗೆ ಮಾತ್ರ ಎಚ್ಚರ ಇರಲಿಲ್ಲ."

*

ನೆಲಮಾಳಿಗೆಯ ಉದ್ದನೆಯ ಕೋಣೆ. ಗೋಡೆಗೆ ಎರಡು ದೊಡ್ಡ ಪರದೆ, ಮೇಜಿಗೆ ಒಂದು. ತಣ್ಣನೆಯ ಗಾಳಿ. ಬೀಗದಣ್ಣ ಸ್ವೆಟರ್ ಹಾಕಿಕೊಂಡು ಕೂತಿದ್ದ. ಸ್ವೆಟರಿನ ಎರಡು ಗುಂಡಿ ತಪ್ಪು ಕಾಜಕ್ಕೆ ಸಿಕ್ಕಿಕೊಂಡಿದ್ದವು. ಹೇಳುವವರು ಮನೆಯಲ್ಲಿ ಇರಲಿಲ್ಲ.

ಆಸ್ಪತ್ರೆಯ ಬಾಗಿಲು, ಔಷಧಿ ಕಪಾಟು, ಕಡತ, ಪಟ್ಟಿ ಎಲ್ಲಕ್ಕೂ ಕಂಪ್ಯೂಟರಿನ ಬೀಗವಿತ್ತು. ಯಾರು ಯಾವುದನ್ನು ತೆರೆಯಬಹುದು ಎಂಬುದನ್ನು ಒಂದೇ ಕಡೆಯಿಂದ ನಡೆಸುವ ಪೋರ್ಟಲ್ ಬೀಗದಣ್ಣನ ಮುಂದಿತ್ತು. ಎರಡು ಸಾವಿರ ಹೆಸರು. ಪ್ರತಿ ಹೆಸರಿನ ಪಕ್ಕದಲ್ಲಿ ಅವರ ಸ್ಥಿತಿ: ಸೇವೆಯಲ್ಲಿ, ರಜೆಯಲ್ಲಿ, ಕೆಲಸ ಬಿಟ್ಟವರು, ತೀರಿಕೊಂಡವರು.

"ನಿಮ್ಮ ಮನೆಯವರದ್ದು?" ಇನ್ಸ್‌ಪೆಕ್ಟರ್ ಕೇಳಿದರು.

ಬೀಗದಣ್ಣ ಹುಡುಕಲಿಲ್ಲ. ಹೆಸರುಗಳ ಪಟ್ಟಿ ಆಗಲೇ ಅಲ್ಲಿಗೇ ತೆರೆದಿತ್ತು. ದೊಡ್ಡ ಸಿಸ್ಟರ್ ಹೆಸರು. ಪಕ್ಕದಲ್ಲಿ: ರಜೆಯಲ್ಲಿ.

"ಕಾಯಿಲೆ ಬಿದ್ದಾಗ ಅವಳು ರಜೆ ಹಾಕಿದ್ದು. ಆಮೇಲೆ ನಾನು ಬದಲಾಯಿಸಲಿಲ್ಲ."

"ಯಾರೂ ಕೇಳಲಿಲ್ಲವೇ?"

"ಪೋರ್ಟಲ್ ಕೇಳುತ್ತೆ ಮೇಡಂ. ಮೂರು ತಿಂಗಳಿಗೊಮ್ಮೆ ಒಬ್ಬೊಬ್ಬರ ಹೆಸರೂ ತೋರಿಸಿ, ಇವರಿಗೆ ಈ ಅಧಿಕಾರ ಇನ್ನೂ ಬೇಕೇ ಅಂತ ಕೇಳುತ್ತೆ. ಬೇಕು ಅಂತ ಒತ್ತಿದೆ. ಎರಡು ಸಲ." ಬೀಗದಣ್ಣ ತಲೆ ತಗ್ಗಿಸಿದ. "ಬೇಡ ಅನ್ನೋಕೆ ಕೈ ಬರಲಿಲ್ಲ. ಬೆಳಿಗ್ಗೆ ಬಂದು ಕೂತ ಕೂಡಲೇ ಅವಳ ಹೆಸರು ನೋಡ್ತೀನಿ. ರಜೆಯಲ್ಲಿ ಅಂತಿರುತ್ತೆ. ರಜೆಗೆ ಹೋದೋರು ಬರ್ತಾರೆ ಅಲ್ವಾ?"

ಇನ್ಸ್‌ಪೆಕ್ಟರ್ ಕಿವಿ ಉಜ್ಜಿಕೊಂಡರು. ದೇವರು ಕರೆದುಕೊಂಡವರನ್ನು ಹೀಗೆ ಬಾಗಿಲ ಬಳಿ ನಿಲ್ಲಿಸಿಕೊಂಡವರನ್ನು ಈಕೆ ಕಂಡದ್ದು ಇದೇ ಮೊದಲಲ್ಲ.

"ನೀವು ಅವರ ಖಾತೆಗೆ ಹೋಗಬಹುದೇ?"

"ಪಾಸ್‌ವರ್ಡ್ ಬದಲಾಯಿಸಿದ್ರೆ ಹೋಗಬಹುದು. ಆದ್ರೆ ಬದಲಾಯಿಸಿದ್ದು ದಾಖಲಾಗುತ್ತೆ. ಅಳಿಸೋಕೆ ನನ್ನ ಕೈಲೂ ಆಗಲ್ಲ." ದಾಖಲೆ ತೋರಿಸಿದ. ಹನ್ನೊಂದು ತಿಂಗಳಿಂದ ಆ ಪಾಸ್‌ವರ್ಡನ್ನು ಯಾರೂ ಬದಲಾಯಿಸಿರಲಿಲ್ಲ. ಇನ್ನೊಂದು ಸಾಲು ನೋಡಿ ಬೀಗದಣ್ಣನೇ ಬೆರಗಾದ. ಆ ಪಾಸ್‌ವರ್ಡಿನಿಂದ ನಿನ್ನೆ ಯಾರೂ ಒಳಗೆ ಬಂದೇ ಇರಲಿಲ್ಲ.

"ಬರದೇ ಇದ್ದೋರು ಪಟ್ಟಿ ತಿದ್ದಿದ್ದು ಹೇಗೆ?"

"ಅದೇ ನನಗೂ ತಿಳೀತಿಲ್ಲ ಮೇಡಂ. ಬೇಕಾದ್ರೆ ನನ್ನ ಜೈಲಿಗೆ ಹಾಕಲಿ. ನಾನು ತಪ್ಪು ಮಾಡಿದೀನಿ. ಆದ್ರೆ ಅವಳು ಕಳ್ಳಿ ಅಂತ ಬರೀಬಾರದು. ಇಪ್ಪತ್ತಾರು ವರ್ಷ ಆ ಪಟ್ಟಿ ಕಾಯ್ದಳು. ಸ್ವಂತ ಸೋದರಮಾವ ಬಂದು ಕೈ ಮುಗಿದರೂ ಒಂದು ಹೆಸರು ಆಚೀಚೆ ಮಾಡಲಿಲ್ಲ. ಮಾವ ಮಾತು ಬಿಟ್ಟರು. ಇವಳು ಮೂರು ದಿನ ಊಟ ಬಿಟ್ಟಳು. ಪಟ್ಟಿ ಮಾತ್ರ ಹಾಗೇ ಇತ್ತು."

*

ಲಾರಿ ಮಾಲೀಕ ಹಾಸಿಗೆಯ ಮೇಲೆ ಎದ್ದು ಕೂತು ಗದರಿದ. "ನಾನು ದುಡ್ಡು ಕೊಟ್ಟು ಮೇಲೆ ಹತ್ತಿದ್ನಾ? ಹತ್ತಿ ಏನು ಸುಖ? ನನ್ನ ರಕ್ತ ಎ ಗುಂಪು. ನನ್ನ ಮುಂದೆ ಇದ್ದ ಎಂಟು ಜನರಲ್ಲಿ ಒಬ್ಬನೂ ಎ ಅಲ್ಲ. ಎ ಗುಂಪಿನ ಕಿಡ್ನಿ ಬಂದ್ರೆ ಒಂಬತ್ತರಲ್ಲಿದ್ರೂ ನನಗೇ. ನಿಮ್ಮ ಡಾಕ್ಟರಿಗೆ ಲೆಕ್ಕ ಬರಲ್ವಾ?"

"ಕೋಪದಲ್ಲಿ ಮರೆತಿರಬೇಕು," ಎಂದರು ಇನ್ಸ್‌ಪೆಕ್ಟರ್. ಹೊರಗೆ ಬಂದು ಪಟ್ಟಿ ಬಿಡಿಸಿದರು. ಹೆಸರಿನ ಮುಂದೆ ರಕ್ತದ ಗುಂಪು ಬರೆದಿತ್ತು. ಬಿ ಗುಂಪಿನವರು ಇಬ್ಬರೇ. ಟೀಚರಮ್ಮ ಮತ್ತು ಮೆಕ್ಯಾನಿಕ್. ತಿದ್ದುವ ಮೊದಲು ಟೀಚರಮ್ಮ ಮುಂದಿದ್ದರು. ಈಗ ಮೆಕ್ಯಾನಿಕ್ ಮುಂದಿದ್ದ. ಬಿ ಗುಂಪಿನ ಕಿಡ್ನಿ ಸಿಕ್ಕಿತೆಂಬ ಫೋನ್ ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಕರೆ ಹೋಗುತ್ತಿದ್ದದ್ದು ಅವನಿಗೆ.

ಲಾರಿ ಮಾಲೀಕನನ್ನು ನೆತ್ತಿಗೆ ಏರಿಸಿದ್ದು ಎಲ್ಲರ ಕಣ್ಣೂ ಅಲ್ಲೇ ಇರಲಿ ಎಂದು.

ಮೆಕ್ಯಾನಿಕ್ ಡಯಾಲಿಸಿಸ್ ಕೋಣೆಯಲ್ಲಿ ಮಲಗಿದ್ದ. ತೋಳಿನಿಂದ ಕೆಂಪು ಕೊಳವೆ ಯಂತ್ರಕ್ಕೆ ಹೋಗಿತ್ತು. ಹೆಂಡತಿ ಸತ್ತು ಆರು ವರ್ಷ, ಮಕ್ಕಳಿಲ್ಲ, ಆಸ್ಪತ್ರೆಯಲ್ಲಿ ಬಂಧುಗಳು ಯಾರೂ ಇಲ್ಲ.

"ನಾಲ್ಕಕ್ಕೆ ಬಂದಿದ್ದು ನನಗೆ ಗೊತ್ತೇ ಇಲ್ಲ ಮೇಡಂ," ಎಂದ. "ನನಗಿಂತ ಟೀಚರಮ್ಮ ಮೊದಲು ಬಂದೋರು. ಅವರದು ಅವರಿಗೇ ಆಗಲಿ. ಬಸ್ಸಿನ ಹಳೇ ಪಂಪ್ ರಿಪೇರಿ ಮಾಡಿ ಓಡಿಸಿದ ಹಾಗೆ ನಾನೂ ಓಡ್ತೀನಿ ಇನ್ನಷ್ಟು ದಿನ."

"ಇಲ್ಲಿ ನಿಮ್ಮನ್ನ ಯಾರು ನೋಡಿಕೊಳ್ತಾರೆ?"

"ಚಿಕ್ಕ ಸಿಸ್ಟರ್. ವಾರಕ್ಕೆ ಮೂರು ಸಲ ಬರ್ತೀನಿ, ಮೂರು ಸಲವೂ ಅವರೇ ಸೂಜಿ ಚುಚ್ಚೋದು. ಬೇರೆಯವರು ಚುಚ್ಚಿದ್ರೆ ಊರೆಲ್ಲ ಕೇಳೋ ಹಾಗೆ ಕೂಗ್ತೀನಿ ಅಂತ ಇರಬೇಕು." ನಕ್ಕ. ನಗು ಬೇಗ ನಿಂತಿತು. "ಮೊದಲಿಂದ ಪರಿಚಯ. ಇಪ್ಪತ್ತೆರಡು ವರ್ಷದ ಹಿಂದೆ. ಓದು ಮುಗೀಲಿ, ಆಮೇಲೆ ಮದುವೆ ಅಂದಿದ್ಲು. ಓದು ಮುಗಿಯೋ ಹೊತ್ತಿಗೆ ಅವಳಪ್ಪ ಹಾಸಿಗೆ ಹಿಡಿದ್ರು. ನಮ್ಮ ಮನೆಯೋರಿಗೆ ಆತುರ, ಬೇರೆ ಹುಡುಗೀನ ತಂದ್ರು. ಈಗ ನಾನು, ನೋವಾಗಲಿಲ್ಲ ಸಿಸ್ಟರ್, ಅಂತೀನಿ. ಅವಳು, ಅಲ್ಲಾಡಬೇಡಿ, ಅಂತಾಳೆ. ನಮ್ಮ ಮಾತು ಅಷ್ಟೇ."

*

ಇನ್ಸ್‌ಪೆಕ್ಟರ್ ನೆಲಮಾಳಿಗೆಗೆ ಮರಳಿದರು. "ದೊಡ್ಡ ಸಿಸ್ಟರ್ ಹೆಸರು ಒತ್ತಿ. ಒಳಗಿನ ಪುಟ ನೋಡಬೇಕು."

ಬೀಗದಣ್ಣ ಕೈ ಹಿಂದಕ್ಕೆ ತೆಗೆದುಕೊಂಡ. "ಪಟ್ಟಿಯಲ್ಲಿ ಹೆಸರು ನೋಡ್ತೀನಿ ಅಷ್ಟೇ. ಒಳಗೆ ಹೋಗಿಲ್ಲ. ಅಲ್ಲಿ ಫೋಟೋ ಇದೆ."

"ನಾನು ಒತ್ತಲೇ?"

ಆತ ಮುಖ ತಿರುಗಿಸಿದ. ಇನ್ಸ್‌ಪೆಕ್ಟರ್ ಒತ್ತಿದರು. ಅಗಲ ಹಣೆಯ, ತುಸು ಗದರುವಂಥ ಕಣ್ಣಿನ ಹೆಂಗಸು ಪರದೆಯಿಂದ ನೋಡಿದಳು. ಕೆಳಗೆ ಒಂದು ಸಾಲು. ಬದಲಿ: ಚಿಕ್ಕ ಸಿಸ್ಟರ್. ಹನ್ನೊಂದು ತಿಂಗಳ ಹಿಂದಿನ ತಾರೀಕು.

"ಬದಲಿ ಅಂದ್ರೆ?"

ಬೀಗದಣ್ಣ ತಿರುಗಿ ನೋಡಿದ. ಆ ಸಾಲನ್ನು ಎರಡು ಸಲ ಓದಿದ. "ರಜೆ ಹೋಗೋರು ತಮ್ಮ ಅಧಿಕಾರ ಇನ್ನೊಬ್ಬರಿಗೆ ಒಪ್ಪಿಸಬಹುದು. ಅದಕ್ಕೆ ನನ್ನ ಒಪ್ಪಿಗೆ ಬೇಡ. ಹಾಸಿಗೆಯಲ್ಲಿದ್ದಾಗಲೇ ಮಾಡಿದಾಳೆ. ಕೆಲಸ ಬಿಟ್ಟವರು ಅಥವಾ ತೀರಿಕೊಂಡವರು ಅಂತ ನಾನು ಗುರುತು ಹಾಕಿದ ಕೂಡಲೇ ಬದಲಿ ತಾನಾಗೇ ರದ್ದಾಗುತ್ತೆ. ರಜೆಯಲ್ಲಿ ಅಂತ ಇರೋವರೆಗೂ..."

"ನಡೀತಾ ಇರುತ್ತೆ."

"ಹೌದು. ಬದಲಿಯವರು ತಮ್ಮ ಪಾಸ್‌ವರ್ಡಿನಿಂದಲೇ ಬರ್ತಾರೆ. ಕಿಡ್ನಿ ಪಟ್ಟಿಯ ಪ್ರೋಗ್ರಾಂ ತುಂಬ ಹಳೇದು. ಯಾರ ಅಧಿಕಾರದಲ್ಲಿ ತಿದ್ದಿದ್ರೋ ಅವರ ಹೆಸರು ಮಾತ್ರ ಬರೆಯುತ್ತೆ. ನನ್ನ ಕೈಲಿ ಬಾಗಿಲು ತೆಗೆದದ್ದು ಯಾರು ಅಂತ ಗೊತ್ತಾಗುತ್ತೆ, ಒಳಗೇನು ನಡೀತು ಅಂತ ಗೊತ್ತಾಗಲ್ಲ." ಮತ್ತೆ ಚಿಕ್ಕ ಸಿಸ್ಟರ್ ಹೆಸರಿನತ್ತ ನೋಡಿದ. "ಅಕ್ಕನ ಹೆಸರು ತೆಗೀಬೇಡಿ ಭಾವ, ಕಣ್ಣಿಗೆ ಕಾಣ್ತಾ ಇರಲಿ, ಅಂತ ನನ್ನ ಈ ನಾದಿನಿಯೇ ಹೇಳಿದ್ಲು. ವಾರಕ್ಕೊಮ್ಮೆ ಮನೆಗೆ ಬಂದು ನಾನು ಉಂಡೆನಾ ಅಂತ ಕೇಳಿ ಹೋಗ್ತಾಳೆ ಮೇಡಂ."

*

ನರ್ಸುಗಳ ವಿಶ್ರಾಂತಿ ಕೋಣೆ. ಚಿಕ್ಕ ಸಿಸ್ಟರ್ ಕೈತೊಳೆಯುತ್ತಿದ್ದಳು. ಬೆರಳ ಸಂದಿ, ಉಗುರು, ಮಣಿಕಟ್ಟು, ಕ್ರಮವಾಗಿ. ಬಾಗಿಲಲ್ಲಿ ಇನ್ಸ್‌ಪೆಕ್ಟರ್, ಹಿಂದೆ ಬೀಗದಣ್ಣ.

"ಲಾರಿ ಮಾಲೀಕನಿಗೆ ಅದರಿಂದ ಲಾಭವಿಲ್ಲ ಅಂತ ತಿಳಿದೋರು ಮಾಡಿದ ಕೆಲಸ ಇದು," ಎಂದರು ಇನ್ಸ್‌ಪೆಕ್ಟರ್. "ಅಂದ್ರೆ ರಕ್ತದ ಗುಂಪಿನ ಸಮೇತ ಪಟ್ಟಿ ತಿಳಿದೋರು. ನಿನ್ನೆ ಆ ಹೊತ್ತಿಗೆ ಡಾಕ್ಟರು ಥಿಯೇಟರಲ್ಲಿದ್ರು. ನಿಮ್ಮ ಭಾವನಿಗೆ ಪಟ್ಟಿಯ ಒಳಗು ಕಾಣೋದೇ ಇಲ್ಲ. ದೊಡ್ಡ ಸಿಸ್ಟರ್ ಪಾಸ್‌ವರ್ಡನ್ನ ಯಾರೂ ಮುಟ್ಟಿಲ್ಲ. ಹಾಗಾದ್ರೆ ಅವರ ಅಧಿಕಾರ ನಡೆಸೋಕೆ ಉಳಿದ ದಾರಿ ಒಂದೇ, ಬದಲಿ. ಆ ಜಾಗದಲ್ಲಿರೋ ಹೆಸರೂ ಒಂದೇ. ಎರಡು ಮೂವತ್ತೆಂಟಕ್ಕೆ ನೀವು ನಿಮ್ಮ ಪಾಸ್‌ವರ್ಡಿನಿಂದ ಒಳಗೆ ಹೋಗಿದೀರಿ, ಅದು ಪೋರ್ಟಲಿನಲ್ಲಿದೆ. ಮೆಕ್ಯಾನಿಕ್ ಜೊತೆ ಮಾತಾಡಿ ಬಂದೆ."

ನಲ್ಲಿ ನಿಂತಿತು.

"ಅವರಿಗೆ ಏನೂ ಗೊತ್ತಿಲ್ಲ," ಎಂದಳು ಚಿಕ್ಕ ಸಿಸ್ಟರ್. "ಅವರನ್ನ ಪಟ್ಟಿಯಿಂದ ತೆಗೀಬೇಡಿ."

"ತೆಗೆಯಲ್ಲ. ಟೀಚರಮ್ಮ ಮೂರಕ್ಕೆ, ಅವರು ಆರಕ್ಕೆ. ಮೊದಲಿದ್ದ ಹಾಗೆ."

"ಆರರಲ್ಲಿದ್ರೆ ಈ ವರ್ಷ ಬರಲ್ಲ. ಅವರ ಕೈಯ ರಕ್ತನಾಳ ದಿನೇ ದಿನೇ ಗಟ್ಟಿಯಾಗ್ತಿದೆ, ಇನ್ನು ಸ್ವಲ್ಪ ದಿನಕ್ಕೆ ಸೂಜಿ ಹೋಗಲ್ಲ. ಚುಚ್ಚೋಳಿಗೆ ಗೊತ್ತಾಗುತ್ತೆ." ಒದ್ದೆ ಕೈ ಒರೆಸಿಕೊಂಡಳು. "ಒಂದು ಸಲ ಕಾಯಿಸಿದೀನಿ. ಎರಡನೇ ಸಲ ನನ್ನ ಕಣ್ಣೆದುರಿಗೇ ಕಾಯ್ತಾ ಹೋಗಿಬಿಡ್ತಾರೆ ಅನ್ನಿಸ್ತು."

"ಅಕ್ಕನ ಹೆಸರಲ್ಲೇ ಮಾಡಬೇಕಿತ್ತಾ?" ಬೀಗದಣ್ಣನ ದನಿ ಏರಲಿಲ್ಲ. "ಬೇರೆ ಯಾರ ಹೆಸರೂ ಸಿಗಲಿಲ್ಲವೇನಮ್ಮ?"

"ಹೋದವರಿಗೆ ಯಾರು ಶಿಕ್ಷೆ ಕೊಡ್ತಾರೆ ಅಂದ್ಕೊಂಡೆ ಭಾವ."

"ಹೆಸರು ಇತ್ತಲ್ಲ. ಅವಳದು ಅಂತ ನನ್ನ ಹತ್ರ ಉಳಿದಿದ್ದು ಅಷ್ಟೇ."

ಚಿಕ್ಕ ಸಿಸ್ಟರ್ ಅತ್ತಳು. "ಹೆಸರು ಇರಲಿ ಅಂದಾಗ ನನ್ನ ಮನಸ್ಸಲ್ಲಿ ಏನೂ ಇರಲಿಲ್ಲ. ದೇವರಾಣೆ. ನಿಜವಾಗಿ ಅಕ್ಕನಿಗಾಗಿ ಹೇಳಿದ್ದೆ." ಬೀಗದಣ್ಣ ತಲೆಯಾಡಿಸಿದ. ನಂಬಿದ. ನಂಬಿದ್ದರಿಂದ ನೋವು ಕಡಿಮೆಯಾಗಲಿಲ್ಲ.

*

ಮೂರೂ ಮುಕ್ಕಾಲಿಗೆ ಇನ್ಸ್‌ಪೆಕ್ಟರ್ ನೆಲಮಾಳಿಗೆಯಲ್ಲಿದ್ದರು. ತಪ್ಪೊಪ್ಪಿಗೆ ಬರೆಸಿಕೊಂಡಾಗಿತ್ತು. ಗುಮಾಸ್ತ ಕಿಡ್ನಿ ಪಟ್ಟಿಯ ದಾಖಲೆಯನ್ನು ಗೋಡೆಯ ಪರದೆಗೆ ಕಳಿಸಿದ್ದ. ಉಳಿದದ್ದು ದೊಡ್ಡ ಸಿಸ್ಟರ್ ಹೆಸರಿನ ಮುಂದಿದ್ದ ಆ ಮೂರು ತಿದ್ದುಪಡಿ.

"ಅಳಿಸೋಕೆ ಆಗಲ್ಲ," ಎಂದ ಬೀಗದಣ್ಣ. "ಆದ್ರೆ ಇವರ ಕೆಲಸ ಅಲ್ಲ ಅಂತ ಪೋರ್ಟಲ್ ತಾನೇ ಗುರುತು ಹಾಕಬಹುದು. ಅದಕ್ಕೆ ಒಂದೇ ದಾರಿ. ಆ ದಿನಕ್ಕೆ ಮೊದಲೇ ಇವರು ತೀರಿಕೊಂಡಿದ್ರು ಅಂತ ನಾನು ದಾಖಲೆ ಮಾಡಬೇಕು."

"ನಾನು ಹೊರಗಿರಲೇ?"

"ಬೇಡ ಮೇಡಂ. ಒಂದು ಗಳಿಗೆ ಕೂತಿರಿ."

ಇನ್ಸ್‌ಪೆಕ್ಟರ್ ಕೂತರು. ಬೀಗದಣ್ಣ ಪುಟ ತೆರೆದ. ಈ ಸಲ ಫೋಟೋದ ಕಡೆ ನೇರವಾಗಿ ನೋಡಿದ, ಸಾಕಷ್ಟು ಹೊತ್ತು ನೋಡಿದ. ಸ್ಥಿತಿ ಬದಲಾಯಿಸಿದ. ಪೋರ್ಟಲ್ ತಾರೀಕು ಕೇಳಿತು. ಬರೆದ. ಸಮಯ ಕೇಳಿತು. ಬೆರಳು ನಿಂತಿತು.

"ಬೆಳಿಗ್ಗೆ ಆರೂ ಹತ್ತು," ಎಂದ, ಯಾರಿಗೋ ಹೇಳುವಂತೆ. "ಕಿಟಕಿ ತೆಗೀರಿ ಅಂದಳು. ತೆಗೆದು ತಿರುಗೋದ್ರೊಳಗೆ..." ಬರೆದು ಒತ್ತಿದ.

ಮೂರು ತಿದ್ದುಪಡಿಗಳ ಪಕ್ಕದಲ್ಲೂ ಒಂದೊಂದು ಸಾಲು ಮೂಡಿತು: ಇವರ ಕೆಲಸವಲ್ಲ. ಇಪ್ಪತ್ತಾರು ವರ್ಷದ ಉಳಿದ ಸಾಲುಗಳು ಹಾಗೇ ಇದ್ದವು, ಎಲ್ಲವೂ ಅವರದೇ.

ಬೀಗದಣ್ಣ ಅದರ ಪ್ರತಿ ತೆಗೆದು ಇನ್ಸ್‌ಪೆಕ್ಟರ ಕೈಗೆ ಕೊಟ್ಟ. "ಸಭೆಗೆ ಹೊತ್ತಾಯ್ತು. ಓದಿಹೇಳಿ. ಡಾಕ್ಟರಿಗೆ ಕೇಳೋ ಹಾಗೆ ಓದಿ."

ಇನ್ಸ್‌ಪೆಕ್ಟರ್ ಬಾಗಿಲು ದಾಟುವಾಗ ಒಮ್ಮೆ ತಿರುಗಿ ನೋಡಿದರು. ಪರದೆಯ ಮೇಲೆ ಹೆಸರುಗಳ ಪಟ್ಟಿ ಮತ್ತೆ ತೆರೆದಿತ್ತು. ತೀರಿಕೊಂಡವರ ಹೆಸರು ಪಟ್ಟಿಯ ಕೊನೆಗೆ ಹೋಗುತ್ತಿತ್ತು. ಅವಳಿದ್ದ ಸಾಲಿಗೆ ಕೆಳಗಿನ ಹೆಸರು ಸರಿದು ಬಂದು ನಿಂತಿತ್ತು, ಯಾರೋ ಹೊಸ ನರ್ಸಿನದು, ಸೇವೆಯಲ್ಲಿ. ಬೀಗದಣ್ಣ ಅದನ್ನೇ ನೋಡುತ್ತ ಕೂತಿದ್ದ.