ಹದಿನೇಳು ನಂಬರಿನ ಪಾನಾ

ಆ ದಿನ ಬೆಳಗ್ಗೆ ಚನ್ನಗಿರಿಯ ಮೇಲೆ ಮಂಜು ಇಳಿದಿತ್ತು. ಅಡಿಕೆ ಬೇಯಿಸುವ ಒಲೆಗಳ ಹೊಗೆ ಮೇಲೇಳಲಾಗದೆ ಮಂಜಿನಡಿಯಲ್ಲೇ ಹರಡಿ, ಬೀದಿ ತುಂಬ ಒಗರು ವಾಸನೆ ಕವಿದಿತ್ತು. ಗಾಳಿ ಇರಲಿಲ್ಲ. ಹಿಂದಿನ ಸಂಜೆ ದೂರದಲ್ಲಿ, ಜಗಳೂರಿನ ದಿಕ್ಕಿಗೆ, ಮೋಡ ಕಪ್ಪಗೆ ಕುಸಿದಿದ್ದನ್ನು ಷಣ್ಮುಖಪ್ಪ ನೋಡಿದ್ದ. ಅಲ್ಲಿ ಮಳೆ ಬಿದ್ದರೆ ಒಳ್ಳೆಯದೇ ಅಂದುಕೊಂಡು ಮಲಗಿದ್ದ.

ಲಿಂಗಪೂಜೆ ಮುಗಿಸಿ ಹೊರಗೆ ಬರುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ನ್ಯಾಮತಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಪಾಪಣ್ಣ. ಮೂರು ವರ್ಷದಿಂದ ಇಬ್ಬರ ನಡುವೆ ಮಾತಿರಲಿಲ್ಲ.

“ಗೌಡ್ರೆ, ಗಾಡಿ ಓಡ್ತೈತಾ?”

“ಓಡ್ತೈತೆ. ಯಾಕೆ?”

“ನನ್ನ ಮಗಳನ್ನ ಕರಡಿ ಹರಿದು ಹಾಕೈತೆ.”

ಪಾಪಣ್ಣನ ಮಗಳು ಮಾಲಾ ಜಗಳೂರಿನಾಚೆಯ ಗುಡ್ಡಗಳಲ್ಲಿ ಅರಣ್ಯ ಕಾವಲುಗಾರ್ತಿ. ಹಿಂದಿನ ಸಂಜೆ ಜೊತೆಗಾರ ಬೋರಣ್ಣನೊಂದಿಗೆ ಸುತ್ತು ಹೋದಾಗ, ಮರಿ ಕಟ್ಟಿಕೊಂಡ ಕರಡಿ ಪೊದೆಯಿಂದ ನುಗ್ಗಿ ಅವಳ ಹೆಗಲನ್ನೂ ತೊಡೆಯನ್ನೂ ಸೀಳಿತ್ತು. ಬೋರಣ್ಣ ಅವಳನ್ನು ಒಂದು ಬಂಡೆಯ ನೆತ್ತಿಗೆ ಎಳೆದು, ಬೆಂಕಿ ಹಾಕಿಕೊಂಡು ಕಾದಿದ್ದ. ಗುಡ್ಡದ ಬುಡದಲ್ಲಿ ಹಳ್ಳ ಬಂದಿತ್ತು. ಆಂಬುಲೆನ್ಸ್ ಈಚೆ ದಡದಲ್ಲೇ ನಿಂತಿತ್ತು. ದಾಟಲು ಹೋದ ಟ್ರ್ಯಾಕ್ಟರ್ ಮಗುಚಿ, ಓಡಿಸಿದವನ ಕಾಲು ಮುರಿದಿತ್ತು.

“ರಕ್ತ ನಿಂತಿಲ್ಲ ಅಂತಾನೆ ಬೋರಣ್ಣ. ಸಂಜೆಗೆ ಮುಂಚೆ ಇಳಿಸದಿದ್ರೆ...” ಎಂದ ಪಾಪಣ್ಣ. “ವಿಂಚ್ ನನ್ ಹತ್ರ ಐತೆ. ಗಾಡಿ ನಿಮ್ ಹತ್ರ ಐತೆ.”

“ಹೊನ್ನಾಳಿ ಸೇತುವೆ ಹತ್ರ ನಿಂತಿರು. ಬಂದೆ.”

ಆ ಗಾಡಿಗೆ ಮೂವತ್ತು ವರ್ಷ. ಗುಜರಿಗೆ ಹೋಗುತ್ತಿದ್ದ ಪಿಕಪ್ ಅನ್ನು ಇಬ್ಬರೂ ಸೇರಿ ಮತ್ತೆ ಹುಟ್ಟಿಸಿದ್ದರು. ಲಾರಿಯ ಸ್ಪ್ರಿಂಗ್ ಪಟ್ಟಿ ಹಾಕಿ ಒಂದು ಮೊಳ ಎತ್ತರಿಸಿದ್ದರು. ನೀರಿಗಿಳಿದರೂ ಉಸಿರು ಕಟ್ಟದಂತೆ ಇಂಜಿನ್ನಿನ ಗಾಳಿಯ ಕೊಳವೆಯನ್ನೂ ಸೈಲೆನ್ಸರನ್ನೂ ಚಾವಣಿಯ ಮಟ್ಟಕ್ಕೆ ಏರಿಸಿದ್ದರು. ಲಾರಿಯ ಸ್ಟಾರ್ಟರ್ ಮೋಟಾರಿಗೆ ಉಕ್ಕಿನ ಹಗ್ಗ ಸುತ್ತುವ ಉರುಳೆ ಜೋಡಿಸಿ ಪಾಪಣ್ಣ ವಿಂಚ್ ಮಾಡಿದ್ದ. ಕೆಸರಲ್ಲಿ ಹೂತ ಗಾಡಿ ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತಿತ್ತು.

ಹನ್ನೆರಡು ವರ್ಷ ಒಂದೇ ಗಾಡಿಯ ಕೆಳಗೆ ಮಲಗಿ ಕೆಲಸ ಮಾಡಿದವರು ಅವರು. ಆದರೂ ಷಣ್ಮುಖಪ್ಪ ಬೋಲ್ಟ್ ಬಿಗಿಯುವ ಯಾವ ಪಾನಾವನ್ನೂ ಪಾಪಣ್ಣನ ಕೈಗೆ ಕೊಟ್ಟವನಲ್ಲ. ಮಡ್‌ಗಾರ್ಡ್ ಮೇಲೆ ಇಡುತ್ತಿದ್ದ, ಪಾಪಣ್ಣ ಎತ್ತಿಕೊಳ್ಳುತ್ತಿದ್ದ. ಷಣ್ಮುಖಪ್ಪನ ತಾಯಿ ಪಾಪಣ್ಣನ ತಂದೆಗೆ ಕೂಲಿಯ ಜೋಳವನ್ನು ಹಾಗೆಯೇ, ಮೆಟ್ಟಿಲ ಮೇಲಿಟ್ಟು ಕೊಡುತ್ತಿದ್ದಳು. ಇಟ್ಟವನಾಗಲಿ ಎತ್ತಿಕೊಂಡವನಾಗಲಿ ಅದರ ಮಾತೆತ್ತಿರಲಿಲ್ಲ.

ಜಗಳ ಬಂದದ್ದು ಬೇರೆಯದಕ್ಕೆ. ರೇಡಿಯೇಟರ್ ಸೋರಿದಾಗಲೆಲ್ಲ ಷಣ್ಮುಖಪ್ಪ ಅದರೊಳಕ್ಕೆ ಚೊಗರು ಸುರಿಯುತ್ತಿದ್ದ. ಅಡಿಕೆ ಬೆಂದ ಹಂಡೆಯಲ್ಲಿ ಉಳಿಯುವ ಆ ಕೆಂಪು ಗಟ್ಟಿ ರಸ ತೂತಿನಲ್ಲಿ ಕೂತು ಸೋರುವುದನ್ನು ನಿಲ್ಲಿಸುತ್ತಿತ್ತು. “ಒಂದಿನ ಎಲ್ಲಾ ಕಟ್ಕೊಂಡು ಇಂಜಿನ್ ಸುಡ್ತೈತೆ, ನಾನು ಬೆಸುಗೆ ಹಾಕ್ತೀನಿ,” ಎಂದು ಪಾಪಣ್ಣ ನಾಲ್ಕು ಜನರ ಮುಂದೆ ಹೇಳಿದ. “ನನಗೆ ಹೇಳಿಕೊಡಾಕೆ ಬರಬ್ಯಾಡ,” ಅಂದುಬಿಟ್ಟ ಷಣ್ಮುಖಪ್ಪ. ಪಾಪಣ್ಣ ವಿಂಚ್ ಬಿಚ್ಚಿಕೊಂಡು ಹೋದ. ಅವಸರದಲ್ಲಿ ಅವನ ಹದಿನೇಳು ನಂಬರಿನ ಪಾನಾ ಗಾಡಿಯಲ್ಲೇ ಉಳಿಯಿತು. ಹಿಡಿಯ ಮೇಲೆ ಪಾಪಣ್ಣ ತನ್ನ ತಂದೆಯ ಹೆಸರಿನ ಮೊದಲಕ್ಷರ ಕೊರೆದಿದ್ದ ಪಾನಾ. ಅದಕ್ಕಾಗಿ ಪಾಪಣ್ಣ ಹೇಳಿಕಳಿಸಿದಾಗ ಷಣ್ಮುಖಪ್ಪ, “ನಮ್ಮತ್ರ ಇಲ್ಲ,” ಅಂದಿದ್ದ.

ಆ ಬೆಳಗ್ಗೆಯೂ ಗಾಡಿಯ ಕೆಳಗೆ ರೇಡಿಯೇಟರಿನ ನೀರು ತೊಟ್ಟಿಕ್ಕುತ್ತಿತ್ತು. ಷಣ್ಮುಖಪ್ಪ ಎರಡು ಚೊಂಬು ಚೊಗರು ಸುರಿದು, ಮುಚ್ಚಳ ಬಿಗಿದು, ಶಿವಾ ಎಂದು ಹೊರಟ.

ಹೊನ್ನಾಳಿಯ ಸೇತುವೆಯ ಬಳಿ ಪಾಪಣ್ಣ ವಿಂಚ್ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಇಬ್ಬರೂ ಎತ್ತಿ ಬಂಪರಿನ ಮೇಲೆ ಕೂರಿಸಿದರು.

“ಹದಿನೇಳು ಬೇಕು,” ಎಂದ ಪಾಪಣ್ಣ.

ಷಣ್ಮುಖಪ್ಪ ಒಂದು ಕ್ಷಣ ನಿಂತ. ಸೀಟಿನಡಿ ಕೈಹಾಕಿ ಆ ಪಾನಾ ತೆಗೆದು, ಮಡ್‌ಗಾರ್ಡ್ ಮೇಲಿಟ್ಟ. ಪಾಪಣ್ಣ ಅದನ್ನೂ ನೋಡಿದ, ಅವನ ಮುಖವನ್ನೂ ನೋಡಿದ. ನಾಲ್ಕು ಬೋಲ್ಟ್ ಬಿಗಿದ.

ದಾವಣಗೆರೆ ದಾಟಿ ಜಗಳೂರು ಮುಟ್ಟುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಅಲ್ಲಿಂದಾಚೆ ನೆಲದ ಬಣ್ಣವೇ ಬೇರೆ. ಕೆಂಪು ಮಣ್ಣು, ಸುಟ್ಟ ಇಟ್ಟಿಗೆಯಂಥ ಬಂಡೆಗಳು, ಅವುಗಳ ನಡುವೆ ಕಮರ ಮತ್ತು ಜಾಲಿ ಮರಗಳು. ಒಂದೇ ಮಳೆಗೆ ಬಂಡೆಯ ಬಿರುಕುಗಳಲ್ಲಿ ಎಳೆ ಹುಲ್ಲು ತಲೆಯೆತ್ತಿತ್ತು. ಕಲ್ಲಿನ ಎದೆಯಲ್ಲೂ ಹಸಿರಿಟ್ಟವನನ್ನು ನೆನೆದು ಷಣ್ಮುಖಪ್ಪ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡ. ಪಕ್ಕದಲ್ಲಿ ಪಾಪಣ್ಣ ದಾರಿಯನ್ನಷ್ಟೇ ನೋಡುತ್ತಿದ್ದ.

ಹಳ್ಳ ಕೆಂಪಗೆ ಮೊರೆಯುತ್ತಿತ್ತು. ಮಗುಚಿದ ಟ್ರ್ಯಾಕ್ಟರಿನ ಎರಡು ಚಕ್ರ ಮಾತ್ರ ಕಾಣುತ್ತಿದ್ದವು.

“ಹೋಗಬ್ಯಾಡ್ರಿ, ಸಾಯ್ತೀರಿ!” ದಡದಲ್ಲಿದ್ದ ಜನ ಕೂಗಿದರು.

“ಸಾಯಾಕೇ ಬಂದಿದ್ರೆ ಚನ್ನಗಿರೀಲೇ ಸಾಯ್ತಿದ್ದೆ, ಡೀಸೆಲ್ ಉಳೀತಿತ್ತು,” ಎಂದ ಷಣ್ಮುಖಪ್ಪ.

ಪಾಪಣ್ಣ ಉಕ್ಕಿನ ಹಗ್ಗದ ಕೊಂಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ನೀರಿಗೆ ಬಿದ್ದ. ಎರಡು ಸಲ ಮುಳುಗಿದ. ಮೂರನೆಯ ಸಲ ಆಚೆ ದಡದ ಮತ್ತಿಮರಕ್ಕೆ ಹಗ್ಗ ಸುತ್ತಿ ಕೈಯೆತ್ತಿದ.

ಗಾಡಿ ಇಳಿಯಿತು. ನೀರು ಬಾನೆಟ್ ಹತ್ತಿತು. ವಿಂಚ್ ನರಳಿತು. ನಡುಹಳ್ಳದಲ್ಲಿ ಒಂದು ದಿಮ್ಮಿ ತೇಲಿಬಂದು ಬಾಗಿಲಿಗೆ ಅಪ್ಪಳಿಸಿತು. ಗಾಜು ಒಡೆದು ಷಣ್ಮುಖಪ್ಪನ ಹಣೆ ಸೀಳಿತು. ವಿಭೂತಿಯ ಮೇಲೆ ರಕ್ತ ಹರಿಯಿತು. ಅವನು ಸ್ಟಿಯರಿಂಗ್ ಬಿಡಲಿಲ್ಲ.

ದಡ ಹತ್ತಿತು ಗಾಡಿ.

ಮುಂದಿನ ಏರು ಎರಡು ಮೈಲಿ. ಕೊನೆಯ ತಿರುವಿನಲ್ಲಿ ಬಂಡೆಯ ನೆತ್ತಿಯಿಂದ ಬೋರಣ್ಣನ ಕೂಗು ಕೇಳಿತು. “ಕೆಳಗೆ ಐತೆ! ಕೆಳಗೇ ಐತೆ!”

ಪೊದೆ ಒಡೆದುಕೊಂಡು ಕರಡಿ ನುಗ್ಗಿತು. ಕಪ್ಪು ಕೂದಲಿನ ಗುಡ್ಡದಂತಿತ್ತು. ಮೊದಲ ಏಟಿಗೆ ಹೆಡ್‌ಲೈಟ್ ಹೋಯಿತು. ಎರಡನೆಯದಕ್ಕೆ ಬಾಗಿಲಿನ ತಗಡು ಕಾಗದದಂತೆ ಸುಲಿಯಿತು. ಒಡೆದ ಕಿಟಕಿಯಿಂದ ಒಳಬಂದ ಉಗುರು ಷಣ್ಮುಖಪ್ಪನ ತೋಳನ್ನು ಗೀರಿತು. ಪಾಪಣ್ಣ ಜಾಕಿನ ರಾಡಿನಿಂದ ಅದರ ಮೂತಿಗೆ ಬಾರಿಸಿದ. ಷಣ್ಮುಖಪ್ಪ ಹಾರನ್ ಒತ್ತಿ ಹಿಡಿದು ಗಾಡಿಯನ್ನೇ ಅದರ ಮೇಲೆ ನುಗ್ಗಿಸಿದ. ಬಂಪರಿನ ಏಟಿಗೆ ಕರಡಿ ಉರುಳಿ, ಎದ್ದು, ಪೊದೆಗೆ ಹಿಮ್ಮೆಟ್ಟಿತು. ಬಂಡೆಯಡಿಯ ಗವಿಯಿಂದ ಎರಡು ಮರಿಗಳು ಬೆದರಿ ಇಳಿಜಾರಿನಲ್ಲಿ ಕೆಳಗೋಡಿದವು.

“ಈಗ! ಈಗಲೇ!”

ಬೋರಣ್ಣ ಮತ್ತು ಪಾಪಣ್ಣ ಮಾಲಾಳನ್ನು ಇಳಿಸಿದರು. ಹೆಗಲಿಗೆ ಕಟ್ಟಿದ ಟವೆಲ್ ಒಣಗಿದ ರಕ್ತದಿಂದ ತೊಗಟೆಯಂತಾಗಿತ್ತು. ತೊಡೆಯ ಗಾಯದಲ್ಲಿ ಬಿಳಿ ಮೂಳೆ ಕಾಣುತ್ತಿತ್ತು. ಅವಳು ಕಣ್ಣು ಬಿಟ್ಟಳು.

“ಅಪ್ಪಾ, ಅದನ್ನ ಕೊಂದ್ರಾ?”

“ಇಲ್ಲವ್ವ.”

“ಕೊಲ್ಲಬ್ಯಾಡ್ರಿ. ನಾನೇ ಮರಿ ಹತ್ರ ಹೋಗಿದ್ದು.”

ಗಾಡಿಯ ಹಿಂದಿನ ತೊಟ್ಟಿಯಲ್ಲಿ, ಖಾಲಿ ನೀರಿನ ಡ್ರಮ್ಮಿನ ಪಕ್ಕ, ಅವಳನ್ನು ಕಂಬಳಿಯ ಮೇಲೆ ಮಲಗಿಸಿದರು. ಬೋರಣ್ಣ ತಲೆ ಹಿಡಿದು ಕೂತ. ಗಾಡಿ ಇಳಿಯತೊಡಗಿತು.

ಇನ್ನೂರು ಮಾರು ಇಳಿದಿರಲಿಲ್ಲ, ಬಾನೆಟ್ಟಿನಿಂದ ಹಬೆ ಎದ್ದಿತು. ಮೀಟರಿನ ಮುಳ್ಳು ಕೆಂಪು ದಾಟಿತ್ತು. ಷಣ್ಮುಖಪ್ಪ ಒಂದು ನೀರಿನ ಗುಂಡಿಯ ಪಕ್ಕ ನಿಲ್ಲಿಸಿದ.

ಪಾಪಣ್ಣ ಬಾನೆಟ್ ಎತ್ತಿ ಮೂಸಿದ. ಬೆಂದ ಅಡಿಕೆಯ ವಾಸನೆ.

“ಚೊಗರು ಹಾಕೀರಾ?”

“ಹೂಂ.”

“ಇವತ್ತೂ?”

ಗಂಟೆಗಟ್ಟಲೆ ಕುದ್ದ ಚೊಗರು ಮಂದವಾಗಿ, ರೇಡಿಯೇಟರಿನ ಒಂದೊಂದು ನಳಿಗೆಯನ್ನೂ ಕಟ್ಟಿಹಾಕಿತ್ತು. ಹಿಂದೆ ಮಾಲಾ ನರಳಿದಳು.

ಪಾಪಣ್ಣ ಬೈಯಲಿಲ್ಲ. ಬೈಯಲು ಹೊತ್ತಿರಲಿಲ್ಲ. “ರೇಡಿಯೇಟರ್ ಬಿಟ್ಹಾಕಾಣ. ಡ್ರಮ್ಮಿಂದ ಪೈಪಲ್ಲಿ ನೀರು ನೇರ ಇಂಜಿನ್ನಿಗೆ ಬಿಡ್ತೀನಿ. ಬಿಸಿಯಾದದ್ದು ನೆಲಕ್ಕೆ ಹೋಗ್ಲಿ. ಬೋರಣ್ಣ, ಡ್ರಮ್ ತುಂಬು! ಗೌಡ್ರೆ, ಮೊದಲು ಕೆಳಗಿನ ತಗಡು ಬಿಚ್ಚಬೇಕು.”

ಅವನು ಗಾಡಿಯ ಕೆಳಗೆ ತೂರಿ ಕೈ ಹೊರಚಾಚಿದ. “ಪಾನಾ!”

ಸೀಟಿನಡಿಯಿಂದ ತೆಗೆದ ಪಾನಾ ಷಣ್ಮುಖಪ್ಪನ ಕೈಯಲ್ಲೇ ಇತ್ತು. ಪಾಪಣ್ಣನ ಬೆರಳು ಒಂದು ಗೇಣು ದೂರದಲ್ಲಿದ್ದವು. ಕೈ ತನ್ನ ಹಳೆಯ ದಾರಿಯಲ್ಲೇ ಹೋಯಿತು. ಪಾನಾ ಮಡ್‌ಗಾರ್ಡ್ ಮೇಲೆ ಕೂತಿತು.

ಗಾಡಿ ಇಳಿಜಾರಿನಲ್ಲಿ ವಾಲಿತ್ತು. ಪಾನಾ ಜಾರಿತು. ಕಲ್ಲಿಗೆ ಬಡಿದು ಟಣ್ಣೆಂದು, ನಾಲ್ಕು ಮಾರು ಕೆಳಗಿನ ಹುಲ್ಲಿಗೆ ಉರುಳಿತು.

“ಅಯ್ಯೋ, ಕೈಗೆ ಕೊಡಬಾರದಾ!” ಪಾಪಣ್ಣ ತೆವಳಿ ಹೊರಬಂದು ಅತ್ತ ಓಡಿದ. ಬಗ್ಗಿ ಪಾನಾ ಎತ್ತಿಕೊಂಡ.

ಆ ಹುಲ್ಲಿನಾಚೆಯೇ ಮರಿಗಳು ಅವಿತಿದ್ದವು. ಮೇಲಿನಿಂದ ತಾಯಿ ಇಳಿದುಬರುತ್ತಿತ್ತು. ಪಾಪಣ್ಣ ನಡುವೆ ನಿಂತಿದ್ದ.

ಅವನು ತಿರುಗುವಷ್ಟರಲ್ಲಿ ಕರಡಿ ಬೆನ್ನ ಮೇಲೆ ಬಿತ್ತು. ಅಂಗಿ ಹರಿಯಿತು, ಚರ್ಮ ಹರಿಯಿತು. ಅವನು ಮುಖ ನೆಲಕ್ಕೊತ್ತಿ ಕತ್ತಿನ ಹಿಂದೆ ಕೈ ಕಟ್ಟಿಕೊಂಡ. ಬೋರಣ್ಣ ಎಸೆದ ಕಲ್ಲನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಷಣ್ಮುಖಪ್ಪ ಬಾನೆಟ್ಟಿನ ಪಕ್ಕ ನಿಂತು ಕೈಗೆ ಸಿಕ್ಕ ಬಕೆಟ್ಟಿನಿಂದ ತಗಡು ಬಡಿದ. “ಬಾ! ಇತ್ತ ಬಾ! ತಪ್ಪು ನಂದು, ನನ್ನತ್ರ ಬಾ!”

ಕರಡಿ ಪಾಪಣ್ಣನನ್ನು ಬಿಟ್ಟು ಇತ್ತ ಹೊರಳಿತು. ಹಿಂಗಾಲ ಮೇಲೆ ಎದ್ದು, ಬಾಯಿ ತೆರೆದು, ರೇಡಿಯೇಟರಿನ ಎದುರಿಗೇ ಬಂತು. ಅದರ ಉಸಿರಿನ ನಾತ ಮುಖಕ್ಕೆ ಬಡಿಯಿತು. ಷಣ್ಮುಖಪ್ಪ ಬರಿಗೈಯಲ್ಲಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ.

ಕುದಿಯುವ ಚೊಗರು ಕೆಂಪು ಬುಗ್ಗೆಯಾಗಿ ಸಿಡಿಯಿತು. ಅರ್ಧ ಅವನ ಕೈಮೇಲೆ, ಅರ್ಧ ಕರಡಿಯ ಎದೆ ಮತ್ತು ಮೂತಿಗೆ. ಕರಡಿ ಹೆಂಗಸು ಕಿರುಚಿದಂತೆ ಕಿರುಚಿತು. ಮುಖವನ್ನು ಮಣ್ಣಿಗೆ ಉಜ್ಜಿ, ಎದ್ದು, ಮರಿಗಳಿದ್ದ ಕಡೆ ಧಾವಿಸಿತು. ಎರಡನ್ನೂ ಮುಂದೆ ನೂಕಿಕೊಂಡು ಕಮರದ ಕಾಡಿನೊಳಗೆ ಮರೆಯಾಯಿತು.

“ಕ್ಷಮಿಸು ತಾಯಿ,” ಎಂದ ಷಣ್ಮುಖಪ್ಪ. ಅವನ ಅಂಗೈಯ ಚರ್ಮ ಮುಚ್ಚಳಕ್ಕೆ ಅಂಟಿಕೊಂಡಿತ್ತು.

ಪಾಪಣ್ಣ ಮೊಣಕಾಲೂರಿ ಎದ್ದ. ಬೆನ್ನಿಂದ ರಕ್ತ ಸೊಂಟಕ್ಕಿಳಿಯುತ್ತಿತ್ತು. ಪಾನಾ ಇನ್ನೂ ಮುಷ್ಟಿಯಲ್ಲಿತ್ತು. ಅವನು ಬಂದು ಗಾಡಿಯ ಕೆಳಗೆ ಮಲಗಿದ.

ಇಂಜಿನ್ ಆರುವುದನ್ನು ಕಾದು, ಮುಕ್ಕಾಲು ಗಂಟೆಯಲ್ಲಿ ಪೈಪು ಜೋಡಿಸಿದರು. ಗಾಡಿ ಕೆಮ್ಮಿ, ನಡುಗಿ, ಹೊತ್ತಿಕೊಂಡಿತು. ಡ್ರಮ್ಮಿನ ತಣ್ಣೀರು ಇಂಜಿನ್ನಿಗಿಳಿದು, ಬಿಸಿ ಕೆನ್ನೀರಾಗಿ ದಾರಿಯುದ್ದಕ್ಕೂ ಗೆರೆ ಎಳೆಯಿತು. ಹಳ್ಳ ಮೊಳದಷ್ಟು ಇಳಿದಿತ್ತು. ಆಚೆ ದಡದ ಜನ ಹಗ್ಗ ಹಿಡಿದರು. ಈ ಸಲ ಯಾರೂ ಹೋಗಬೇಡಿ ಅನ್ನಲಿಲ್ಲ. ಮಾಲಾಳನ್ನು ಆಂಬುಲೆನ್ಸಿಗೆ ಏರಿಸಿದಾಗ ಅವಳಿಗೆ ಉಸಿರಿತ್ತು.

ದೀಪ ಹಚ್ಚುವ ಹೊತ್ತಿಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರ್ ಹೊರಬಂದು, “ಜೀವಕ್ಕೆ ಅಪಾಯ ಇಲ್ಲ. ಕಾಲೂ ಉಳಿಯುತ್ತೆ,” ಎಂದರು. ಪಾಪಣ್ಣ ಗೋಡೆಯತ್ತ ತಿರುಗಿ ಕಣ್ಣೊರೆಸಿಕೊಂಡ. ಅವನ ಬೆನ್ನಿಗೆ ಮೂವತ್ತೆರಡು ಹೊಲಿಗೆ ಬಿದ್ದಿದ್ದವು, ಒರಗುವಂತಿರಲಿಲ್ಲ. ಆಮೇಲೆ ಬಂದು ಬೆಂಚಿನ ತುದಿಯಲ್ಲಿ ಕೂತ.

“ಚೊಗರು ಹಾಕಬ್ಯಾಡ್ರಿ ಅಂತ ಮೂರು ವರ್ಷದ ಹಿಂದೇನೇ ಹೇಳಿದ್ದೆ.”

“ಹಾಕದಿದ್ರೆ ಕರಡಿ ಮುಖಕ್ಕೆ ಏನು ಎರಚ್ತಿದ್ದೆ, ನಿನ್ನ ಬೆಸುಗೆನಾ?”

ಪಾಪಣ್ಣ ನಕ್ಕ, ಹೊಲಿಗೆ ಎಳೆದು ನಗು ಅರ್ಧಕ್ಕೇ ನಿಂತಿತು.

ಷಣ್ಮುಖಪ್ಪ ಎದ್ದು, ಆಂಬುಲೆನ್ಸಿನ ಹಿಂದೆ ಬಂದು ಅಂಗಳದಲ್ಲಿ ನಿಂತಿದ್ದ ಗಾಡಿಯ ಬಳಿ ಹೋದ. ಗುಡ್ಡದಲ್ಲಿ ಕೆಲಸ ಮುಗಿಸಿ ಪಾಪಣ್ಣ ಪಾನಾವನ್ನು ಎಂದಿನಂತೆ ಮಡ್‌ಗಾರ್ಡ್ ಮೇಲಿಟ್ಟಿದ್ದ. ಬೋರಣ್ಣ ಅದನ್ನು ಸೀಟಿನಡಿ ಹಾಕಿದ್ದ. ಷಣ್ಮುಖಪ್ಪ ತೆಗೆದು, ಹೆಗಲ ಮೇಲಿನ ವಸ್ತ್ರದಿಂದ ಮಣ್ಣನ್ನೂ ರಕ್ತವನ್ನೂ ಒರೆಸಿದ. ಹಿಡಿಯ ಮೇಲಿನ ಅಕ್ಷರ ಕಾಣುವವರೆಗೆ ಒರೆಸಿದ.

ಬೆಂಚಿಗೆ ಬಂದು ನಿಂತ. ಪಕ್ಕದಲ್ಲಿ ಖಾಲಿ ಜಾಗವಿತ್ತು, ಇಡಬಹುದಿತ್ತು. ಪಾಪಣ್ಣನೂ ಅತ್ತಲೇ ನೋಡುತ್ತಿದ್ದ.

“ಕೈ ಚಾಚು,” ಎಂದ ಷಣ್ಮುಖಪ್ಪ.

ಪಾಪಣ್ಣ ಚಾಚಿದ. ಷಣ್ಮುಖಪ್ಪ ಬಟ್ಟೆ ಸುತ್ತಿದ ಸುಟ್ಟ ಕೈಯನ್ನು ಅವನ ಕೈಯಡಿಗೆ ಕೊಟ್ಟು, ಇನ್ನೊಂದು ಕೈಯಿಂದ ಪಾನಾವನ್ನು ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದ.