ನಡುಗುವ ಗೆರೆ

ಕುಮಟೆಯ ಕಾಲೇಜಿನ ಲ್ಯಾಬಿನಲ್ಲಿ ಬೆಳಿಗ್ಗೆ ಕಪಾಟು ತೆರೆದ ನೇತ್ರಾ ಒಳಗೆಲ್ಲ ಕೈಯಾಡಿಸಿದಳು. ಹಾರ್ಡ್‌ಡಿಸ್ಕ್ ಇಲ್ಲ! ನಾಲ್ಕು ವರ್ಷದ ಸಂಶೋಧನೆಯ ಫಲಿತಾಂಶ ಇದ್ದದ್ದು ಅದೊಂದರಲ್ಲೇ.

ಸಬ್‌ಇನ್‌ಸ್ಪೆಕ್ಟರ್ ಮಾಲಿನಿ ಬಂದಳು.

"ಅದ್ರಲ್ಲಿ ಎಂತ ಇತ್ತು?"

"ಲೇಸರ್ ಹೊಡೆದ್ರೆ ಲೋಹದ ಹಾಳೆ ಪ್ಲಾಸ್ಮಾ ಆಗ್ತದೆ ಮೇಡಂ. ಆಗ ಎಲೆಕ್ಟ್ರಾನು ಹೆಂಗೆ ಓಡ್ತವೆ ಅಂತ ಕಂಪ್ಯೂಟರಲ್ಲೇ ಓಡಿಸಿ ನೋಡಿದ್ದೆ. ಹದಿನೈದು ದಿನದಲ್ಲಿ ಪಿಎಚ್‌ಡಿ ಒಪ್ಪಿಸ್ಬೇಕು. ಇಲ್ದಿದ್ರೆ ಎಲ್ಲಾ ಮುಗೀತು."

ಅವಳ ಗೈಡ್ ಸುದರ್ಶನ ಕನ್ನಡಕ ಒರೆಸಿಕೊಂಡರು. "ಹೇಳೂಕೆ ಬೇಜಾರು. ಅವ್ಳ ಫಲಿತಾಂಶ ತಪ್ಪಾಗಿತ್ತು, ತಾನೇ ಅಡಗಿಸಿರ್ಬಹುದು. ಅದೇ ಲೆಕ್ಕ ನಾನು ಬೇರೆಯಾಗೇ ಮಾಡಿ ಲೇಖನ ಕಳಿಸಿ ಆತು."

\*\*\*

ಅವರಿಬ್ಬರನ್ನು ಬಿಟ್ಟರೆ ಕಪಾಟಿನ ಕೀಲಿ ಇದ್ದದ್ದು ಕಾವಲುಗಾರ ಮಾಬ್ಲನ ಬಳಿ. ಪಾಪ, ಅವನು ಎರಡು ದಿನದಿಂದ ಹೊನ್ನಾವರದ ಆಸ್ಪತ್ರೆಯಲ್ಲಿ ಹೆಂಡತಿಯ ಹಾಸಿಗೆ ಬಿಟ್ಟು ಕದಲಿರಲಿಲ್ಲ. ಅಲ್ಲಿ ವಿಚಾರಿಸಿ ವಾಪಸಾದ ಮಾಲಿನಿ ಸುದರ್ಶನರ ಲೇಖನದ ಚಿತ್ರವನ್ನು ನೇತ್ರಾಳ ಮುಂದಿಟ್ಟಳು.

"ಗೆರೆ ಯಾಕೆ ಹಿಂಗೆ ನಡುಗ್ತದೆ?"

"ಎಲ್ಲಾ ಎಲೆಕ್ಟ್ರಾನು ಲೆಕ್ಕಕ್ಕೆ ತಗಳೂಕೆ ಆಗೂದಿಲ್ಲ. ಕೆಲವನ್ನೇ ಗದ್ದೆಗೆ ಬೀಜ ಬೀರಿದ ಹಂಗೆ ಚೆಲ್ತೇವೆ. ಅದಕ್ಕೆ ನಡುಕ. ಚೆಲ್ಲೂಕೆ ಮೊದ್ಲು ಒಂದು ಸಂಖ್ಯೆ ಕೊಡ್ಬೇಕು. ಅದೇ ಸಂಖ್ಯೆ ಕೊಟ್ರೆ ಅದೇ ನಡುಕ, ಸಂಖ್ಯೆ ಬೇರೆ ಆದ್ರೆ ನಡುಕವೂ ಬೇರೆ."

"ನಿನ್ನ ಸಂಖ್ಯೆ?"

ನೇತ್ರಾ ತಲೆ ತಗ್ಗಿಸಿದಳು. "ಅಪ್ಪನ ದೋಣಿ ಭಟ್ಕಳದಿಂದ ಹೋಗಿ ತಿರುಗಿ ಬರದ ತಾರೀಖು. ಯಾರಿಗೂ ಹೇಳ್ಲಿಲ್ಲ."

\*\*\*

ಪ್ರೋಗ್ರಾಂ ಅವಳ ಲ್ಯಾಪ್‌ಟಾಪಿನಲ್ಲಿತ್ತು. ಪೂರ್ತಿ ಓಡಿಸಲು ತಿಂಗಳುಗಳೇ ಬೇಕು. ಆ ತಾರೀಖು ಕೊಟ್ಟು ಓಡಿಸಿದ ಮೊದಲ ತುಣುಕಿಗೆ ಮೂರು ತಾಸು ಸಾಕಾಯಿತು.

"ಸರ್, ನೀವು ಕೊಟ್ಟ ಸಂಖ್ಯೆ?" ಸುದರ್ಶನರನ್ನು ಕರೆಸಿ ಮಾಲಿನಿ ಕೇಳಿದಳು.

"ಹನ್ನೆರಡು."

ಅವಳು ಲೇಖನದ ಚಿತ್ರ, ಈಗ ಓಡಿಸಿ ತೆಗೆದ ಚಿತ್ರ ಎರಡೂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಶುರುವಿನ ಗೆರೆ ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಹನ್ನೆರಡಕ್ಕೆ ಈ ಗೆರೆ ಬರೂದಿಲ್ಲ. ಇದು ನೇತ್ರಾಳ ಸಂಖ್ಯೆಯದ್ದು. ಅವ್ಳ ಫಲಿತಾಂಶ ನಕಲು ಮಾಡಿ ಕಳಿಸಿದ್ರಿ. ಪುರಾವೆ ಉಳೀಬಾರ್ದು ಅಂತ ಡಿಸ್ಕ್ ಎತ್ತಿದ್ರಿ. ನಡುಕ ಬರೀ ಕಸ, ಯಾರು ನೋಡ್ತಾರೆ ಅಂತ ಹಂಗೇ ಬಿಟ್ರಿ, ಅಲ್ವಾ?"

"ಹನ್ನೊಂದು ವರ್ಷದಿಂದ ನನ್ನದೊಂದೂ ಲೇಖನ ಬಂದಿರ್ಲಿಲ್ಲ," ಎಂದರು ಸುದರ್ಶನ. ಡಿಸ್ಕ್ ಅವರ ಕಾರಿನಲ್ಲೇ ಸಿಕ್ಕಿತು. ಮಾಲಿನಿಗೆ ಗೆದ್ದ ಖುಷಿಯೇನೂ ಆಗಲಿಲ್ಲ.

\*\*\*

ಠಾಣೆಯಲ್ಲಿ ಹೇಳಿಕೆ ಬರೆಯುವಾಗ ನೇತ್ರಾಳ ಪೆನ್ನು ನಿಂತಿತು.

"ಆ ತಾರೀಖು ಬರೀಲೇಬೇಕಾ ಮೇಡಂ? ಬರೆದ್ರೆ ಅಪ್ಪ ಇಲ್ಲ ಅಂತ ಒಪ್ಪಿದ ಹಂಗೆ. ಅಮ್ಮ ಇನ್ನೂ ಕುಂಕುಮ ಇಡ್ತಾಳೆ, ಅಪ್ಪ ಬರ್ತಾನೆ ಅಂತ."

ಧಾರೇಶ್ವರದಿಂದ ಓಡಿಬಂದಿದ್ದ ತಾಯಿ ಸರೋಜಾ ಬಾಗಿಲಲ್ಲೇ ನಿಂತಿದ್ದಳು. ಎಲ್ಲವೂ ಕಿವಿಗೆ ಬಿದ್ದಿತ್ತು. ಬಂದು ಮಗಳ ತಲೆ ಸವರಿದಳು.

"ಬರಿ ಮಗಾ. ಅವ್ರು ಬರೂದಿಲ್ಲ ಅಂತ ನಂಗೆ ಗೊತ್ತಿಲ್ಲ ಅಂದ್ಕಂಡ್ಯಾ? ನೀ ಕಾಯ್ತಿದ್ದೆ ಅಂತ ಕುಂಕುಮ ಇಟ್ಕತ್ತಾ ಇದ್ದೆ."