ಮಗ್ಗ ಇಳಿಯದ ಸೀರೆ

“ಚಿತ್ರ ಬರೀಬ್ಯಾಡ ಅಂದ್ರೆ ಬರೀಬ್ಯಾಡ ಕಣಮ್ಮ. ಮಗ್ಗದಿಂದ ಇಳೀದಿರೋ ಸೀರೇನ ಯಾರ ಮೈಮ್ಯಾಲೂ ಹಾಕ್ಬಾರ್ದು. ಕಾಗದದ ಮ್ಯಾಲಿನ ಹೆಂಗ್ಸಿಗೂ ಅಷ್ಟೇ.”

ಬನಶಂಕರಮ್ಮ ಮಗ್ಗದ ಕೋಣೆಯ ಬಾಗಿಲಿಗೆ ಅಡ್ಡ ನಿಂತು ಹೇಳಿದಳು. ಗಂಗಾದೇವಿ ನಕ್ಕಳು. ಬೆಂಗಳೂರಿನ ಹೆಂಗಸರ ಮಾಸಪತ್ರಿಕೆಯೊಂದಕ್ಕೆ ಆರು ವರ್ಷದಿಂದ ಫ್ಯಾಷನ್ ಚಿತ್ರ ಬರೆಯುತ್ತಿದ್ದವಳು ಅವಳು. ನೀಳ ಕೊರಳು, ಹಿಡಿಯಷ್ಟು ನಡು, ಬುಟ್ಟಿ ತೋಳಿನ ರವಿಕೆ. ಆ ಪುಟ ಹರಿದುಕೊಂಡು ಹಿಂದೂಪುರದ ಹೆಂಗಸರೂ ಟೈಲರ್ ಅಂಗಡಿಗೆ ಹೋಗುತ್ತಿದ್ದರು. ಆದರೆ ಅವಳು ಬರೆದ ಹೆಣ್ಣುಗಳಿಗೆಲ್ಲ ಒಂದೇ ಮುಖ. ಮೊದಲ ಚಿತ್ರಕ್ಕೆ ತಂಗಿ ಶಾಕಾಂಬರಿಯನ್ನು ಕೂರಿಸಿಕೊಂಡಿದ್ದಳು. ಅಂದಿನಿಂದ ಕೈಗೆ ಬೇರೆ ಮುಖ ಹತ್ತಿರಲಿಲ್ಲ.

ಬರುವ ತಿಂಗಳು ಶಾಕಾಂಬರಿಯ ಮದುವೆ. ಸೀರೆ ಆರಿಸಲೆಂದು ಅಕ್ಕತಂಗಿಯರು ಈ ನೇಕಾರ ದೊಡ್ಡಮ್ಮನ ಮನೆಗೆ ಬಂದಿದ್ದರು.

“ಎಪ್ಪತ್ತೇಳನೇ ಇಸವೀಲೂ ಮಾಟವೇ, ದೊಡ್ಡಮ್ಮ?”

“ನನ್ನ ಸವತಿ ನರಸಕ್ಕ ನಂಗೇಂತ್ಲೇ ನೇಯ್ದಿದ್ದು ಅದು. ಕಲ್ಯಾಣದುರ್ಗದ ಕಡೆಯೋನ ಕೈಲಿ ಮಾಟ ಮಾಡ್ಸಿ, ತನ್ನ ಕೂದ್ಲು ನೂಲಿಗೆ ಸೇರ್ಸಿದ್ಲು. ಇನ್ನೊಂದು ಮೊಳ ಐತೆ ಅನ್ನುವಾಗ ಅವಳೇ ಸತ್ಲು. ನನ್ನ ಮಗಳು ತಿಳೀದೆ ಆ ಸೆರಗು ಹೆಗಲಿಗೆಳ್ಕೊಂಡು ಕನ್ನಡಿ ನೋಡಿದ್ಲು.” ಮುದುಕಿಯ ದನಿ ಇಳಿಯಿತು. “ಬಾಯಾಗಿಂದ ನೂಲು ಬಂತು ಕಣಮ್ಮ. ಅವಳ ಉಸಿರು ಹೋದಾಗ ಮಗ್ಗದಾಗೆ ಒಂದು ಗೇಣು ತುಂಬಿತ್ತು. ಇನ್ನೊಂದು ಗೇಣಿಗೆ ಅದು ಕಾಯ್ತಾ ಐತೆ.”

“ಸುಟ್ಟು ಹಾಕ್ಬೇಕಿತ್ತು.”

“ಕಡ್ಡಿ ಗೀರಿದೋನು ಗೀರಿದಂಗೇ ಬಿದ್ದ. ವದ್ದಮ್ಮಾ, ವದ್ದು, ಬ್ಯಾಡ. ಆ ಕೊಕ್ಕರೆ ಕತ್ತಿನೋರಿಗೆ ಉಡ್ಸಾಕೆ ಬ್ಯಾರೆ ಸೀರೆ ಇಲ್ವಾ?”

ಮಧ್ಯಾಹ್ನ ಮುದುಕಿ ಹಿತ್ತಲಲ್ಲಿ ನೂಲಿಗೆ ಗಂಜಿ ಹಾಕುತ್ತಿದ್ದಾಗ ಗಂಗಾದೇವಿ ಅಗುಳಿ ತೆಗೆದಳು. ಕಿಟಕಿಯಿಲ್ಲದ ಕೋಣೆ. ಹಳೆಯ ಗಂಜಿಯ ಹುಳಿ ವಾಸನೆ, ತಣ್ಣನೆ ಮಣ್ಣಿನ ವಾಸನೆ, ಅದರಡಿಯಲ್ಲಿ ಸುಟ್ಟ ಕೂದಲಿನ ಕಮಟು. ಹೊರಗೆ ಬಿಸಿಲು ಉರಿಯುತ್ತಿದ್ದರೂ ಮಗ್ಗದ ಕುಳಿಯಲ್ಲಿ ಕತ್ತಲು ನೀರಿನಂತೆ ನಿಂತಿತ್ತು. ಸೂರಿನ ಬೆಳಕಿಂಡಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ಸೀರೆ: ನೇರಳೆ ಒಡಲು, ಅರಿಶಿನದ ಅಂಚು, ಅಂಚಿನುದ್ದಕ್ಕೂ ಯಾವ ತೋಟದಲ್ಲೂ ಕಾಣದೊಂದು ಬಳ್ಳಿ. ದೀಪಾವಳಿ ಸಂಚಿಕೆಗೆ ಇದೇ ಸೀರೆ ಎಂದುಕೊಂಡಳು.

ಹಾಳೆ ಮಂಡಿಯ ಮೇಲೆ. ಪೆನ್ಸಿಲು ಓಡಿತು. ಕೊರಳು, ಹೆಗಲು, ಎಡಗೈ ಮೇಲೆ ಇಳಿಬಿದ್ದ ಸೆರಗು. ಕೊನೆಗೆ ಮುಖ. ಅದನ್ನು ಅವಳು ಕಣ್ಣು ಮುಚ್ಚಿಯೂ ಬರೆಯಬಲ್ಲಳು. ಬರೆದಳು.

ಟಕ್.

ಲಾಳಿ ಅಲುಗಿತ್ತು. ಇಲಿ ಇರಬೇಕು.

ಟಕ್. ಟಕ್.

ತುಳಿಯುವ ಕಾಲಿಲ್ಲ. ಎಳೆಯುವ ಕೈಯಿಲ್ಲ. ಖಾಲಿ ಲಾಳಿ ಅತ್ತಿಂದಿತ್ತ ಹಾಯುತ್ತಿತ್ತು. ಹಾದಾಗಲೆಲ್ಲ ಒಂದು ಎಳೆ ಕೂರುತ್ತಿತ್ತು. ಒದ್ದೆ ಎಳೆ.

ಪಡಸಾಲೆಯಲ್ಲಿ ಯಾರೋ ಓಕರಿಸಿದರು.

“ಅಕ್ಕಾ... ಬಾಯಲ್ಲೇನೋ...”

ಶಾಕಾಂಬರಿ ಹೊಸ್ತಿಲಲ್ಲಿ ಕುಸಿದಳು. ತುಟಿಗಳ ನಡುವಿನಿಂದ ನೇರಳೆ ನೂಲು. ಎಳೆದರೂ ಬರುತ್ತಿತ್ತು. ಎಳೆಯದಿದ್ದರೂ ಬರುತ್ತಿತ್ತು. ನೆಲದ ಮೇಲೆ ಹರಿದು ಮಗ್ಗದ ಕುಳಿಗೆ ಇಳಿಯುತ್ತಿತ್ತು.

ಗಂಗಾದೇವಿ ರಬ್ಬರು ಎತ್ತಿಕೊಂಡಳು.

“ಅಳಿಸ್ಬ್ಯಾಡ!” ಬನಶಂಕರಮ್ಮ ಗಂಜಿಗೈಯಲ್ಲೇ ಓಡಿಬಂದಳು. “ಮುಖ ಅಳಿಸಿದ್ರೆ ಹುಡುಗೀನೇ ಉಳಿಯಾಕಿಲ್ಲ. ಅದ್ರ ಮ್ಯಾಲೆ ಬ್ಯಾರೆ ಮುಖ ಬರಿ!”

“ಯಾರದು?”

ಮುದುಕಿ ಗಂಗಾದೇವಿಯನ್ನೇ ನೋಡುತ್ತ ನಿಂತಳು.

ಗಂಗಾದೇವಿ ತನ್ನ ಮುಖ ಬರೆಯಹೊರಟಳು. ಹುಬ್ಬು ದಪ್ಪ ಮಾಡಿದಳು. ತಂಗಿಯ ಹುಬ್ಬೇ ಆಯಿತು. ಗಲ್ಲ ಅಗಲಿಸಿದಳು. ತಂಗಿಯ ಗಲ್ಲವೇ. ಪಳಗಿದ ಕೈ. ಅದಕ್ಕೆ ಬೇರೆ ದಾರಿ ತಿಳಿಯದು. ಟಕ್ ಟಕ್ ಟಕ್. ಮೂರು ಬೆರಳು ತುಂಬಿತು. ಐದು. ಶಾಕಾಂಬರಿಯ ಕಣ್ಣುಗುಡ್ಡೆ ಮೇಲಾಯಿತು.

ಗಂಗಾದೇವಿ ಪೆನ್ಸಿಲನ್ನು ಎಡಗೈಗೆ ಬದಲಾಯಿಸಿಕೊಂಡಳು.

ಗೆರೆ ಅಂಕುಡೊಂಕಾಯಿತು. ಸೊಟ್ಟ ಮೂಗು. ಒಂದು ಕಣ್ಣು ಮೇಲೆ, ಒಂದು ಕೆಳಗೆ. ಕೆನ್ನೆಯ ಮೇಲೆ ತನ್ನ ಸಿಡುಬಿನ ಕಲೆ. ಮಕ್ಕಳು ಗೋಡೆಯ ಮೇಲೆ ಗೀಚುವಂಥ ಮುಖ. ಆದರೆ ಅವಳದೇ.

ತಂಗಿಯ ಬಾಯಿಂದ ನೂಲು ಕಡಿದು ಬಿತ್ತು. ಉಸಿರು ಬಂತು.

ಗಂಗಾದೇವಿಯ ನಾಲಿಗೆಯ ಬುಡದಲ್ಲಿ ಏನೋ ಅಲುಗಿತು.

“ಹಲ್ಲು ಕಚ್ಚು! ಬಿಡ್ಬ್ಯಾಡ!”

ಕಚ್ಚಿದಳು. ಎಳೆ ಬಿಗಿಯಿತು. ಒಸಡು ಕೊಯ್ಯಿತು. ಬಾಯಿ ತುಂಬ ರಕ್ತದ ಉಪ್ಪು. ಕಚ್ಚಿಯೇ ಹಿಡಿದಳು. ಎಳೆ ತುಟಿಯ ಹೊರಗೆ ಕಡಿಯಿತು, ಮಗ್ಗ ಒಮ್ಮೆ ನರಳಿ ನಿಂತಿತು. ಇನ್ನು ನಾಲ್ಕು ಬೆರಳು ಉಳಿದಿತ್ತು.

ಶಾಕಾಂಬರಿಗೆ ಏನೂ ನೆನಪಿರಲಿಲ್ಲ. ಬಿಸಿಲಿಗೆ ತಲೆ ತಿರುಗಿತೆಂದೇ ನಂಬಿದಳು. ಅಕ್ಕ ಮಾತು ಬಿಟ್ಟದ್ದನ್ನು ಕಂಡು ಅತ್ತಳು, ಹರಕೆ ಹೊತ್ತಳು, ಕೊನೆಗೆ ಒಗ್ಗಿಕೊಂಡಳು. ಗಂಗಾದೇವಿ ಹಲ್ಲುಸಂದಿಯಲ್ಲಿ ಗಂಜಿ ಹೀರುತ್ತಿದ್ದಳು. ನಿದ್ದೆ ಹತ್ತಿದರೆ ದವಡೆ ಸಡಿಲವಾದೀತೆಂದು ಗಲ್ಲಕ್ಕೆ ಬಟ್ಟೆ ಬಿಗಿದು ಮಲಗುತ್ತಿದ್ದಳು.

ಮದುವೆಯ ದಿನ ಹಸೆಯ ಮೇಲೆ ಕೂತ ತಂಗಿಗೆ ಹೂ ಮುಡಿಸಲು ಬಗ್ಗಿದಳು. ಮದುಮಗಳು ಅಕ್ಕನ ಮುಖ ನೋಡಿ ನಕ್ಕಳು.

“ತಾಳಕ್ಕ, ತುಟಿಗೆ ಎಂಥದೋ ನೂಲು ಅಂಟ್ಕೊಂಡಿದೆ.”

ಗಂಗಾದೇವಿ ಹಿಂದೆ ಸರಿಯುವ ಮೊದಲೇ ತಂಗಿಯ ಅರಿಶಿನದ ಬೆರಳು ಆ ಎಳೆಯನ್ನು ಹಿಡಿದಿತ್ತು.